ಭಾವನೆ ಬದಿಗಿಟ್ಟು ಲೆಕ್ಕ ಹಾಕುವವರಿಗೆ

ಪತ್ರ: ‘ನನ್ನ ಮಗಳಿಗೆ ಈಗಿನದಕ್ಕಿಂತ ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಲಾಭನಷ್ಟ ಬರೆದು ತೋರಿಸಿದರೂ “ಯಾಕೋ ಮನಸ್ಸು ಒಪ್ಪುತ್ತಿಲ್ಲ” ಎನ್ನುತ್ತಾಳೆ. ಭಾವನೆಗಳನ್ನು ಬದಿಗಿಟ್ಟು ತರ್ಕಬದ್ಧವಾಗಿ ಯೋಚಿಸುವುದನ್ನು ಕಲಿಸುವ ಲೇಖನಗಳನ್ನು ನೀವೇಕೆ ಪ್ರಕಟಿಸಬಾರದು?’ – ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಅಚ್ಚುಕಟ್ಟಾಗಿದೆ. ಆದರೆ ಆ ‘ಯಾಕೋ’ ಏನೆಂದು ಮಗಳನ್ನು ಕೇಳಿದ ಸುಳಿವು ಅದರಲ್ಲಿ ಎಲ್ಲೂ ಇಲ್ಲ.

ಭಾವನೆ ದಾರಿ ತಪ್ಪಿಸುತ್ತದೆ ಎಂಬ ಮಾತು ಸುಳ್ಳಲ್ಲ, ಒಪ್ಪೋಣ. ಮನೋವಿಜ್ಞಾನಿಗಳಾದ ಶ್ವಾರ್ಟ್ಸ್ ಮತ್ತು ಕ್ಲೋರ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನ ದಿನ ಫೋನಿನಲ್ಲಿ ಮಾತಾಡಿಸಿದವರು ಮಳೆಯ ದಿನದವರಿಗಿಂತ ತಮ್ಮ ಬದುಕೇ ಹೆಚ್ಚು ಚೆನ್ನಾಗಿದೆ ಎಂದರು. ಆದರೆ ಮೊದಲೇ ‘ನಿಮ್ಮಲ್ಲಿ ಹವಾಮಾನ ಹೇಗಿದೆ?’ ಎಂದು ಕೇಳಿದಾಗ ಆ ವ್ಯತ್ಯಾಸ ಮಾಯ. ಅಂದರೆ ಅವರು ಭಾವನೆಯನ್ನು ಬಿಸಾಡಲಿಲ್ಲ, ಅದು ಎಲ್ಲಿಂದ ಬಂತೆಂದು ಗಮನಿಸಿದರು, ಅಷ್ಟೆ.

ಈಗ ನೀವು ಬಯಸುವ ಸ್ಥಿತಿಯನ್ನೇ ನೋಡಿ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರು ‘ಎಲಿಯಟ್’ ಎಂದು ಕರೆದ ರೋಗಿಯ ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಗೆಡ್ಡೆಯಿಂದ ಹಾನಿಯಾಗಿತ್ತು. ಶಸ್ತ್ರಚಿಕಿತ್ಸೆಯ ನಂತರವೂ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕವೇ ಬಂತು, ನೆನಪು, ಮಾತು ಎಲ್ಲ ಸರಿಯಿತ್ತು. ಇಲ್ಲವಾದದ್ದು ಭಾವನೆ. ಕಡತಗಳನ್ನು ವಿಂಗಡಿಸಲು ಕೂರಿಸಿದರೆ ದಿನಾಂಕದ ಪ್ರಕಾರವೋ, ಗಾತ್ರದ ಪ್ರಕಾರವೋ ಎಂಬ ಯೋಚನೆಯಲ್ಲೇ ಮಧ್ಯಾಹ್ನ ಮುಗಿಯುತ್ತಿತ್ತು. ಕೆಲಸ ಹೋಯಿತು, ಉಳಿತಾಯ ಮುಳುಗಿತು, ಮದುವೆ ಮುರಿಯಿತು. ಅಂಥದೇ ಹಾನಿಯಾಗಿದ್ದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟರು. ಬೇರೆ ಕೆಲಸಗಳು, ಅಂದಿನ ಹವೆ ಎಂದು ಎರಡೂ ದಿನಗಳ ಪರ-ವಿರೋಧ ಕಾರಣಗಳನ್ನು ಆತ ಸುಮಾರು ಅರ್ಧ ಗಂಟೆ ಒಪ್ಪಿಸಿದ. ಕೊನೆಗೆ ವೈದ್ಯರೇ ‘ಎರಡನೆಯ ದಿನ ಬನ್ನಿ’ ಎಂದಾಗ ‘ಆಗಲಿ’ ಎಂದು ಎದ್ದು ಹೋದ. ತರ್ಕಕ್ಕೇನೂ ಬರವಿರಲಿಲ್ಲ, ‘ಸಾಕು, ಇದು ಅಷ್ಟು ಮುಖ್ಯವಲ್ಲ’ ಎಂದು ಹೇಳುವವರೇ ಒಳಗೆ ಇರಲಿಲ್ಲ.

ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ತಮ್ಮ ಗೆಳೆಯ, ವಿಜ್ಞಾನಿ ಪ್ರೀಸ್ಟ್ಲಿಗೆ ಬರೆದ ಪತ್ರದ ಲಾಭನಷ್ಟದ ಪಟ್ಟಿ ನಿಮಗೆ ಇಷ್ಟವಾಗಬಹುದು. ಹಾಳೆಯ ಮಧ್ಯೆ ಗೆರೆ ಎಳೆಯಿರಿ, ಒಂದು ಬದಿ ಪರ, ಇನ್ನೊಂದು ಬದಿ ವಿರೋಧ. ಮೂರು-ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯಿರಿ. ಎರಡೂ ಬದಿಯಲ್ಲಿ ಸಮತೂಕದವನ್ನು ಹೊಡೆದುಹಾಕಿ, ಒಂದಕ್ಕೆ ಎರಡು ಸಮವಾದರೆ ಮೂರನ್ನೂ ಹೊಡೆಯಿರಿ. ಒಂದೆರಡು ದಿನ ಬಿಟ್ಟು ನಿರ್ಧರಿಸಿ. ಚೆನ್ನಾದ ಉಪಾಯವೇ. ಆದರೆ ಸಂಬಳಕ್ಕೆ ಇಷ್ಟು ತೂಕ, ಸಂಜೆಯ ಬಿಡುವಿಗೆ ಇಷ್ಟು ತೂಕ ಎಂದು ಹೇಳುವವರು ಯಾರು? ಗಣಿತವಂತೂ ಅಲ್ಲ. ನಿಮ್ಮ ಪಟ್ಟಿಯಲ್ಲಿ ಸಂಬಳ ಮೊದಲಿಗೆ ಬಂದಿರುವುದೂ ಒಂದು ಭಾವನೆಯಿಂದಲೇ, ಬಹುಶಃ ಮಗಳ ಭವಿಷ್ಯದ ಚಿಂತೆಯಿಂದ. ಅದು ಗೌರವದ ಭಾವನೆ. ಅದನ್ನು ಲೆಕ್ಕವೆಂದು ಕರೆದು, ಅವಳದ್ದನ್ನು ಮಾತ್ರ ಹಟವೆಂದರೆ ಹೇಗೆ?

ಮಗಳನ್ನು ಹೀಗೆ ಕೇಳಿ ನೋಡಿ: ಒಪ್ಪದಿರುವುದು ಕೆಲಸವನ್ನೋ, ಅಲ್ಲಿನ ಜನರನ್ನೋ, ಬದಲಾವಣೆಯನ್ನೋ? ಸಂದರ್ಶನದ ಯಾವ ಮಾತಿಗೆ ಕಿರಿಕಿರಿ ಶುರುವಾಯಿತು? ಅದೇ ಸಂಬಳಕ್ಕೆ ಬೇರೆ ಕಂಪನಿ ಕರೆದರೆ ಹೋಗುತ್ತಾಳೆಯೇ? ಹೌದೆಂದರೆ ಕಂಪನಿಯಲ್ಲೇ ಏನೋ ಇದೆ, ಅಲ್ಲಿ ಕೆಲಸ ಮಾಡಿ ಬಿಟ್ಟವರನ್ನು ವಿಚಾರಿಸಿ. ಯಾವುದೂ ಬೇಡವೆಂದರೆ ಅದು ಹೊಸದರ ಅಂಜಿಕೆಯಿರಬಹುದು, ಅದಕ್ಕೆ ಔಷಧ ಬೇರೆ. ಎರಡು ದಿನ ಬಿಟ್ಟು ಮತ್ತೆ ಕೇಳಿ. ನಿದ್ದೆಗೆಟ್ಟ ರಾತ್ರಿಯ ಬೇಸರ ಅಷ್ಟರಲ್ಲಿ ಇಳಿದಿರುತ್ತದೆ, ನಿಜವಾದ ತಕರಾರು ಹಾಗೇ ಕೂತಿರುತ್ತದೆ.

ನೀವು ಕೇಳಿದ ಲೇಖನ ಪ್ರಕಟಿಸುವುದಕ್ಕೆ ಅಡ್ಡಿಯಿಲ್ಲ. ಅದನ್ನು ಮೊದಲು ಓದಬೇಕಾದವರು ಮಾತ್ರ ಸಭೆಗಳಲ್ಲಿ ಮೇಜು ಗುದ್ದಿ ‘ಭಾವುಕರಾಗಬೇಡಿ’ ಎನ್ನುವ ಹಿರಿಯರು. ಕಣ್ಣೀರು ಭಾವನೆ, ಹೆದರಿಕೆ ಭಾವನೆ, ಸಿಟ್ಟು ಮಾತ್ರ ಅದು ಹೇಗೋ ವಿಚಾರಶಕ್ತಿ! ಮನೋವಿಜ್ಞಾನಿಗಳಾದ ಲರ್ನರ್ ಮತ್ತು ಕೆಲ್ಟ್ನರ್ 2001ರಲ್ಲಿ ತೋರಿಸಿದಂತೆ ಹೆದರಿದವರು ಅಪಾಯವನ್ನು ಹಿಗ್ಗಿಸಿ ನೋಡಿದರೆ, ಸಿಟ್ಟಾದವರು ಕುಗ್ಗಿಸಿ ನೋಡುತ್ತಾರೆ. ಹೀಗಾಗಿ ‘ಇದರಲ್ಲಿ ಏನೂ ಆಗುವುದಿಲ್ಲ, ಮುಂದುವರಿಯೋಣ’ ಎಂಬ ಮಾತು ಕೆಂಪೇರಿದ ಮುಖದಿಂದ ಬಂದರೆ ಆ ವಿಷಯವನ್ನು ಮುಂದಿನ ಸಭೆಗೆ ಹಾಕುವುದು ಲೇಸು. ಆದರೆ ನಡೆಯುವುದೇನು? ಆತಂಕ ತೋಡಿಕೊಂಡ ಕಿರಿಯಳಿಗೆ ಸಮಚಿತ್ತದ ಬಗ್ಗೆ ಎರಡು ದಿನದ ತರಬೇತಿ, ಮೇಜು ಗುದ್ದಿದವರಿಗೆ ಅದೇ ತರಬೇತಿಯ ಉದ್ಘಾಟನೆ.