ಓದುಗರ ಪ್ರಶ್ನೆ: ದೋಣಿಯೊಳಗಿನ ಬೂಷ್ಟು, ಲಡ್ಡಾದ ಹಲಗೆ

ಪ್ರಶ್ನೆ: ಹೇಮಾವತಿ ಹಿನ್ನೀರಿನಲ್ಲಿ ಓಡಿಸುವ 16 ಅಡಿಯ ಫೈಬರ್ ದೋಣಿ ನಮ್ಮದು. ಒಳಗಿನ ನೆಲ, ಸೀಟು, ಸಾಮಾನಿನ ಪೆಟ್ಟಿಗೆಗಳೆಲ್ಲ ಮರದವು. ಜೂನ್‌ನಲ್ಲಿ ನೀಲಿ ಟಾರ್ಪಾಲು ಬಿಗಿದು ಕಟ್ಟಿದ್ದೆವು. ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಒಳಗೆಲ್ಲ ಕಪ್ಪು ಚುಕ್ಕೆ, ಮೂಲೆಗಳಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಮುಗ್ಗಲು ವಾಸನೆ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಬಣ್ಣ ಹೊಡೆದರೆ ಸಾಕು ಅನ್ನುತ್ತಾರೆ. ಸಾಕೇ?
– ಗೊರೂರಿನ ಓದುಗರು

ಉತ್ತರ: ಸಾಲದು. ಬಣ್ಣ ಈಗಲೇ ಹೊಡೆದರೆ ಇರುವ ತೇವ ಒಳಗೇ ಉಳಿದು, ನಾಳೆ ಮರವನ್ನೇ ತಿನ್ನುವ ಬೇರೆ ಶಿಲೀಂಧ್ರಕ್ಕೆ ದಾರಿಯಾಗಬಹುದು.

ಮೊದಲು ಕಪ್ಪು ಕಲೆ ಯಾವುದರದ್ದು ನೋಡಿ. ಬ್ಲೀಚ್ ದ್ರಾವಣದ ಒಂದೇ ಹನಿಯನ್ನು ಕಲೆಯ ಮೇಲೆ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಕಲೆ ತಿಳಿಯಾದರೆ ಬೂಷ್ಟು. ಹಾಗೇ ಇದ್ದರೆ ಕೊಳೆ ಅಥವಾ ಕಬ್ಬಿಣದ ಕಲೆ. ಕಬ್ಬಿಣದ ಕಲೆಯಾದರೆ ಮೊಳೆ, ಸ್ಕ್ರೂಗಳ ಸುತ್ತಲೇ ಇರುತ್ತದೆ. ಮರದ ಒಗರಿಗೆ ತುಕ್ಕು ಸೇರಿ ಕಪ್ಪಾಗುವುದು ಅದು. ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಕೈಗವಸು ಹಾಕಿಕೊಂಡು ಒರೆಸಿದರೆ ಹೋಗುತ್ತದೆ. ಅದು ವಿಷ, ಆಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ ತೆಗೆಯಿರಿ.

ಇನ್ನು ಮರ ಗಟ್ಟಿಯಿದೆಯೇ ಎಂಬ ಪರೀಕ್ಷೆ. ಚೂಪು ದಬ್ಬಳದ ತುದಿಯನ್ನು ಎಳೆಗೆ ಅಡ್ಡಲಾಗಿ ಚುಚ್ಚಿ ಮೇಲಕ್ಕೆ ಎಬ್ಬಿ. ಗಟ್ಟಿ ಮರವಾದರೆ ಚಟ್ ಎಂದು ಸದ್ದಾಗಿ ಉದ್ದನೆಯ ಸಿಬಿರು ಏಳುತ್ತದೆ. ಲಡ್ಡಾಗಿದ್ದರೆ ಸದ್ದಿಲ್ಲದೆ, ದಬ್ಬಳದ ತುದಿಯ ಹತ್ತಿರವೇ ತುಂಡುತುಂಡಾಗಿ ಮುರಿಯುತ್ತದೆ. ಮರ ಕಂದಾಗಿ ಚೌಕಚೌಕವಾಗಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ಬಿಳಿಚಿಕೊಂಡು ನಾರುನಾರಾಗಿದ್ದರೆ ಚುಚ್ಚುವುದೂ ಬೇಡ, ಅಷ್ಟು ಭಾಗ ತೆಗೆಯಲೇಬೇಕು. ಹಲಗೆಯ ಕೊನೆಗಳು, ನೆಲ ದೋಣಿಯ ಗೋಡೆಗೆ ಸೇರುವ ಅಂಚು, ಪೆಟ್ಟಿಗೆಗಳ ತಳ, ಈ ಮೂರು ಕಡೆ ಬಿಡದೆ ನೋಡಿ. ಸದಾ ನೀರಲ್ಲೇ ಮುಳುಗಿರುವ ಮರಕ್ಕೆ ಗಾಳಿ ಸಿಗದ ಕಾರಣ ಬೇಗ ಲಡ್ಡಾಗದು. ಒಮ್ಮೆ ನೆನೆದು ಒಮ್ಮೆ ಅರೆಬರೆ ಒಣಗುವ ಜಾಗವೇ ಕೆಡುವುದು. ಮಲ್ಪೆಯ ದೋಣಿಗಳಿಗೆ ಸಮುದ್ರದ ಉಪ್ಪು ಒಂದಿಷ್ಟು ಕಾವಲು. ಹಿನ್ನೀರಿನ ಸಿಹಿನೀರು, ಮಳೆನೀರುಗಳಲ್ಲಿ ಆ ಕಾವಲಿಲ್ಲ.

ಮರ ಗಟ್ಟಿಯಿದ್ದರೆ ಕೆಲಸ ಸುಲಭ. ಎನ್ 95 ಮಾಸ್ಕ್, ಕೈಗವಸು ಹಾಕಿ. ಒಣ ಬ್ರಷ್‌ನಿಂದ ಉಜ್ಜಬೇಡಿ, ಬೀಜಕಣ ಹಾರಿ ಇಡೀ ದೋಣಿಗೆ ಹರಡುತ್ತವೆ. ಲೀಟರ್ ನೀರಿಗೆ ಒಂದು ಚಮಚ ಸೋಪಿನ ಪುಡಿ ಕಲಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಬಟ್ಟೆ ಆಗಾಗ ಬದಲಿಸಿ. ಬರಿ ಮರಕ್ಕೆ ಬ್ಲೀಚ್ ಬೇಡ ಎನ್ನುವುದಕ್ಕೆ ಕಾರಣವಿದೆ: ಕ್ಲೋರಿನ್ ಮೇಲ್ಮೈಯಲ್ಲೇ ಕೆಲಸ ಮುಗಿಸುತ್ತದೆ, ಅದರ ನೀರು ಮಾತ್ರ ಒಳಗಿಳಿಯುತ್ತದೆ. ಬ್ಲೀಚ್ ಜತೆ ವಿನೆಗರನ್ನೋ ಟಾಯ್ಲೆಟ್ ತೊಳೆಯುವ ಆಮ್ಲವನ್ನೋ ಎಂದೂ ಬೆರೆಸಬೇಡಿ. ದೋಣಿಯ ಮುಚ್ಚಿದ ಜಾಗದಲ್ಲಿ ಏಳುವ ಕ್ಲೋರಿನ್ ಅನಿಲ ಜೀವಕ್ಕೇ ಅಪಾಯ.

ಒರೆಸಿದ ಮೇಲೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಮ್ಲವನ್ನು ಒಂದು ಲೀಟರ್ ಬಿಸಿನೀರಲ್ಲಿ ಕರಗಿಸಿ ಬ್ರಷ್‌ನಿಂದ ಬಳಿಯಿರಿ. ಮರ ತುಸು ತೇವವಿರುವಾಗಲೇ ಇವೆರಡರಲ್ಲೂ ಇರುವ ಬೋರಾನ್ ಚೆನ್ನಾಗಿ ಒಳಗಿಳಿಯುತ್ತದೆ. ಮರುದಿನ ಇನ್ನೊಂದು ಸಲ ಬಳಿಯಿರಿ. ಹಲಗೆಯ ತುದಿಗಳಿಗೆ ಧಾರಾಳವಾಗಿ ಕುಡಿಸಿ. ಮಿಕ್ಕಿದ್ದನ್ನು ಕೆರೆಗೂ ಕಾಫಿ ಗಿಡದ ಬುಡಕ್ಕೂ ಚೆಲ್ಲಬೇಡಿ; ಬೋರಾನ್ ಹೆಚ್ಚಾದರೆ ಗಿಡ ಸುಡುತ್ತದೆ. ಈ ಔಷಧ ನೀರು ಬಿದ್ದರೆ ತೊಳೆದು ಹೋಗುವಂಥದ್ದು. ಹಾಗಾಗಿ ಮರ ಪೂರ್ತಿ ಒಣಗಿದ ಮೇಲೆ ಮೇಲೊಂದು ಪದರ ಬೇಕೇ ಬೇಕು. ಬಿಳಿ ಪುಡಿ ಎದ್ದಿದ್ದರೆ ಒರೆಸಿಕೊಂಡು ಬಣ್ಣ ಅಥವಾ ವಾರ್ನಿಷ್ ಹೊಡೆಯಿರಿ.

ಒಣಗಿದೆ ಎಂದು ಕೈಮುಟ್ಟಿ ಹೇಳಲಾಗದು. ಮರಕ್ಕೆ ಮುಳ್ಳು ಚುಚ್ಚಿ ತೇವ ಅಳೆಯುವ ಮಾಪಕ ತನ್ನಿ. ಶೇ. 20ಕ್ಕಿಂತ ಮೇಲಿದ್ದರೆ ಬೂಷ್ಟು ಮತ್ತೆ ಬರುತ್ತದೆ. ಲಡ್ಡು ಹಿಡಿಸುವ ಶಿಲೀಂಧ್ರ ಬೆಳೆಯುವುದು ಶೇ. 28ರ ಆಸುಪಾಸಿನಿಂದ ಮೇಲಕ್ಕೆ. 15ರ ಹತ್ತಿರ ಬಂದ ಮೇಲೆ ಬಣ್ಣ. ಗಾಳಿಯ ತೇವ ಶೇ. 90 ಇರುವ ಜುಲೈಯಲ್ಲಿ ಫ್ಯಾನ್ ಎಷ್ಟು ಹಾಕಿದರೂ ಮರ 20ರಿಂದ ಕೆಳಗಿಳಿಯುವುದು ಕಷ್ಟ. ಡಿಸೆಂಬರ್‌ವರೆಗೆ ತಾಳ್ಮೆಯಿರಲಿ.

ಈಗ ನಿಮ್ಮ ಟಾರ್ಪಾಲಿನ ವಿಷಯ. ಸೀಟಿನ ಮೇಲಿನ ಚುಕ್ಕೆಗಳು ಸಾಲಾಗಿವೆಯೇ ನೋಡಿ. ಇದ್ದರೆ ಆ ಸಾಲು ಟಾರ್ಪಾಲಿನ ಮಡಿಕೆಯ ಗೆರೆಯೇ. ತಳದಲ್ಲಿ ನಿಂತ ನೀರು ಹಗಲು ಆವಿಯಾಗಿ, ರಾತ್ರಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ, ಮಡಿಕೆಯುದ್ದಕ್ಕೂ ತೊಟ್ಟಿಕ್ಕಿರುತ್ತದೆ. ಮುಂದಿನ ಮಳೆಗಾಲಕ್ಕೆ ದೋಣಿಯ ಮುಂಭಾಗ ಒಂದು ಮೊಳ ಎತ್ತರಿಸಿ, ಹಿಂಬದಿಯಲ್ಲಿ ನೀರು ಹೊರಹೋಗುವ ತೂತಿನ ಬಿರಡೆ ತೆಗೆದಿಡಿ. ನಡುವೆ ಉದ್ದಕ್ಕೆ ಬಿದಿರು ಅಥವಾ ಪೈಪು ಕಟ್ಟಿ, ಅದರ ಮೇಲೆ ಟಾರ್ಪಾಲನ್ನು ಮಾಡಿನಂತೆ ಇಳಿಬಿಡಿ. ಎರಡೂ ಬದಿ ಗೇಣಗಲ ಗಾಳಿಗೆ ಬಿಟ್ಟಿರಲಿ. ನೆಲದ ಹಲಗೆ ಎತ್ತಿಡಿ, ಪೆಟ್ಟಿಗೆಗಳ ಬಾಗಿಲು ತೆರೆದಿಡಿ, ಕುಷನ್ ಮನೆಗೆ ಒಯ್ಯಿರಿ.

ಪ್ರಶ್ನೆ: ನಮ್ಮ ಫೈಬರ್ ದೋಣಿಯಲ್ಲಿ ಮೋಟಾರು ಕೂರಿಸುವ ಹಿಂಬದಿ ಹಲಗೆಯ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ಕುಸಿದಂತಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸುರಿದರೆ ಗಟ್ಟಿಯಾಗುವ ತೆಳು ಎಪಾಕ್ಸಿ ಹಾಕಿಸಬಹುದೇ?
– ಲಕ್ಕವಳ್ಳಿಯ ಓದುಗರು

ಉತ್ತರ: ಮೋಟಾರು ಹಾಕುವ ಹಲಗೆ ನಂಬುವಂತಿದೆ ಎಂದು ಗೊತ್ತಾಗುವ ತನಕ ಜನರನ್ನು ಹತ್ತಿಸಬೇಡಿ. ಮೋಟಾರನ್ನು ಓರೆ ಎತ್ತಿ, ಅದರ ಕಾಲನ್ನು ಹಿಡಿದು ಕೆಳಕ್ಕೆ ಅದುಮಿ. ಹಿಂಬದಿ ಹಲಗೆ ಕೂದಲೆಳೆಯಷ್ಟು ಅಲುಗಿದರೂ ಫೈಬರ್ ಪದರದ ಒಳಗಿನ ಪ್ಲೈವುಡ್ ಹೋಗಿದೆ. ಖಚಿತಪಡಿಸಿಕೊಳ್ಳಲು ಒಳಭಾಗದಿಂದ ಕೆಳಗಡೆ 3 ಮಿ.ಮೀ. ತೂತು ಕೊರೆಯಿರಿ. ತಿಳಿಬಣ್ಣದ ಒಣ ಹೊಟ್ಟು ಬಂದರೆ ಸರಿ, ಎಪಾಕ್ಸಿ ತುಂಬಿ ಮುಚ್ಚಿ. ಕಪ್ಪಗೆ, ಒದ್ದೆಯಾಗಿ, ಹುಳಿವಾಸನೆಯ ಮುದ್ದೆ ಬಂದರೆ ತೆರೆಯಲೇಬೇಕು. ನೀರು ಹೋದ ದಾರಿ ಹೆಚ್ಚಾಗಿ ಬೋಲ್ಟಿನ ತೂತು, ಇಲ್ಲವೇ ಬಿರಡೆಯ ತೂತು.

ತೆಳು ಎಪಾಕ್ಸಿ ಒದ್ದೆ ಮರದೊಳಗೆ ಇಳಿಯದು. ಲಡ್ಡಿನ ಮೇಲೆ ಗಟ್ಟಿ ಚಿಪ್ಪು ಕಟ್ಟುತ್ತದೆ, ಒಳಗೆ ಕೊಳೆಯುವುದು ನಡೆದೇ ಇರುತ್ತದೆ. ದುಡ್ಡು ದಂಡ. ಲಡ್ಡಾದಷ್ಟನ್ನೂ, ಅದರಾಚೆ ಒಂದು ಗೇಣನ್ನೂ ಕತ್ತರಿಸಿ ತೆಗೆಸಿ. ಹೊಸದು ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ಡೇ ಆಗಲಿ; ಅಡುಗೆಮನೆಗೆ ಹಾಕುವ ಐಎಸ್ 303 ಇಲ್ಲಿಗಲ್ಲ. ನೆಲದ ಹಲಗೆಯನ್ನು ಜೋಡಿಸುವಾಗ ಓರೆ ಕತ್ತರಿಸಿದ ಬೆಸುಗೆಯ ಉದ್ದ ದಪ್ಪದ ಎಂಟು ಪಟ್ಟು ಇರಲಿ, 12 ಮಿ.ಮೀ. ಹಲಗೆಗೆ 96 ಮಿ.ಮೀ. ನಾಲ್ಕೂ ಅಂಚಿಗೆ ಎರಡು ಸಲ ಎಪಾಕ್ಸಿ. ಸ್ಕ್ರೂ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಬಿಗಿಸಿ. ಹೀಗೆ ಮಾಡಿದರೆ ಸ್ಕ್ರೂ ಸಡಿಲವಾದರೂ ನೀರು ಮರಕ್ಕೆ ಮುಟ್ಟದು.

ಪ್ರಶ್ನೆ: ತೋಟದ ಸಿಲ್ವರ್ ಓಕ್ ಹಲಗೆ ಕೊಯ್ಸಿಟ್ಟಿದ್ದೇವೆ. ದೋಣಿಯ ನೆಲಕ್ಕೆ ಆಗುತ್ತದೆಯೇ?
– ಮೂಡಿಗೆರೆಯ ಓದುಗರು

ಉತ್ತರ: ಬೇಡ. ತೇವದಲ್ಲಿ ಬಾಳದ ಮರ ಅದು. ಹೆಬ್ಬಲಸು ಅಥವಾ ಸಾಗುವಾನಿ ಹಾಕಿ, ಅದರಲ್ಲೂ ಚೇಗು ಮಾತ್ರ. ಸಾಗುವಾನಿಯೇ ಆದರೂ ಹೊರಗಿನ ಬಿಳಿ ಭಾಗ ಬೇಗ ಲಡ್ಡಾಗುತ್ತದೆ.

ಪ್ರಶ್ನೆ: ಲೈಫ್ ಜಾಕೆಟ್‌ಗಳಿಗೂ ಬೂಷ್ಟು ಹಿಡಿದಿದೆ. ಬ್ಲೀಚ್‌ನಲ್ಲಿ ನೆನೆಸಬಹುದೇ?
– ಬೇಲೂರಿನ ಓದುಗರು

ಉತ್ತರ: ಬ್ಲೀಚ್ ತಾಗಿದರೆ ಪಟ್ಟಿ, ಹೊಲಿಗೆ ಶಕ್ತಿ ಕಳೆದುಕೊಳ್ಳುತ್ತವೆ. ಸೌಮ್ಯ ಸೋಪಿನ ನೀರಲ್ಲಿ ಮೃದು ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಜಾಲಿಸಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿ. ಒಣಗಿದ ಮೇಲೂ ಹಿಸುಕಿದರೆ ನೀರು ಜಿನುಗುವ, ಫೋಮ್ ಪುಡಿಪುಡಿಯಾದ, ಪಟ್ಟಿ ಹರಿದ ಜಾಕೆಟ್ ಇದ್ದರೆ ಅದನ್ನು ಕತ್ತರಿಸಿಯೇ ಎಸೆಯಿರಿ. ಇಡಿಯಾಗಿ ಬಿಟ್ಟರೆ ಯಾರಾದರೂ ತೊಟ್ಟುಕೊಂಡು ನೀರಿಗಿಳಿದಾರು.