ಸೊಳ್ಳೆಯಲ್ಲಿ ವೈರಸ್ ಸಿಕ್ಕರೆ ಗರ್ಭಿಣಿಯ ರಕ್ತ ಯಾಕೆ?

ಪ್ರಶ್ನೆ: ಮೇಡಂ, ನಾನು ಶಿಡ್ಲಘಟ್ಟದ ಕಡೆಯವಳು. 2023ರಲ್ಲಿ ತಲಕಾಯಲಬೆಟ್ಟದ ಸೊಳ್ಳೆಯಲ್ಲಿ ಝಿಕಾ ವೈರಸ್ ಸಿಕ್ಕಿತು ಅಂತ ಸುತ್ತಲಿನ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿದರು. ನಮ್ಮನೇಲಿ ಯಾರಿಗೂ ಜ್ವರವೇ ಇರಲಿಲ್ಲ. ಸುಮ್ನೆ ಹೆದರಿಸಿದರು ಅಲ್ವಾ?

ಉತ್ತರ: ಇಲ್ಲಮ್ಮ, ಅವರು ಮಾಡಿದ್ದು ಸರಿ. ಝಿಕಾ ತಗುಲಿದ ಹೆಚ್ಚಿನವರಿಗೆ ಜ್ವರವೇ ಕಾಣಿಸುವುದಿಲ್ಲ, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಪೆಟ್ಟು ಬೀಳಬಹುದು. ಬ್ರೆಜಿಲ್‌ನಲ್ಲಿ 2015ರಲ್ಲಿ ತಲೆ ತುಂಬಾ ಚಿಕ್ಕದಾಗಿ ಹುಟ್ಟಿದ ಮಕ್ಕಳು ಜಾಸ್ತಿಯಾದ ಮೇಲೆ ಜಗತ್ತು ಎಚ್ಚೆತ್ತಿತು, 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಸಾರಿತು. ನಮ್ಮಲ್ಲಿ ಸೊಳ್ಳೆಯಲ್ಲೇ ಸುಳಿವು ಸಿಕ್ಕಿದ್ದು ಪುಣ್ಯ. ಜನ ಕಾಯಿಲೆ ಬಿದ್ದು ಮಲಗುವವರೆಗೆ ಕಾಯಬಾರದು.

ಇನ್ನೊಂದು ಮಾತು. ನಿಮ್ಮ ಕಡೆ ರೇಷ್ಮೆ ಮನೆಗಳು ಜಾಸ್ತಿ, ಸೊಳ್ಳೆಗೆ ಅಂತ ಕಂಡಕಂಡಲ್ಲಿ ಔಷಧಿ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತೆ. ಹಾಗಾಗಿ ಸೊಳ್ಳೆ ಮೊಟ್ಟೆ ಇಡುವ ನಿಂತ ನೀರು ಚೆಲ್ಲುವುದೇ ದೊಡ್ಡ ಕೆಲಸ. ಇರುವೆ ಹತ್ತದಿರಲಿ ಅಂತ ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು ಇಡುತ್ತೀರಲ್ಲ, ಅದನ್ನೂ ನೋಡಿ. ವಾರಕ್ಕೊಮ್ಮೆ ಚೆಲ್ಲಿ, ಒಳಗೆಲ್ಲ ತಿಕ್ಕಿ. ಅಂಚಿಗೆ ಅಂಟಿದ ಸೊಳ್ಳೆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ.