ಗೇರುಬೀಜದ ಶೆಡ್ಡಿಗೆ ವಿಆರ್ ಕನ್ನಡಕ ಬೇಕಾ?

ಪ್ರಶ್ನೆ: ಕುಮಟಾ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ. ಸುಮಾರು ಮೂವತ್ತು ಜನ, ಹೆಚ್ಚಿನವರು ಹೆಂಗಸರು. ಹಳೇ ಶೆಡ್ಡು ಸೋರುತ್ತಿದೆ, ಪಕ್ಕದಲ್ಲೇ ಹೊಸದು ಕಟ್ಟಬೇಕು. ಬೆಂಗಳೂರಲ್ಲಿರುವ ಅಕ್ಕನ ಮಗ, "ಮಾವಾ, ಕಟ್ಟೋ ಮುಂಚೆ ವಿಆರ್‌ನಲ್ಲಿ ಒಳಗೆಲ್ಲ ಓಡಾಡಿ ನೋಡು" ಅನ್ನುತ್ತಾನೆ. ವಿಆರ್ ಅಂದರೆ ಹೆಡ್‌ಸೆಟ್ ಅನ್ನುವ ದಪ್ಪ ಕನ್ನಡಕ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಮಾಡಿದ ಜಾಗದ ಒಳಗೇ ನಿಂತ ಹಾಗೆ ಕಾಣುವುದಂತೆ. ಇದು ದೊಡ್ಡ ಕಂಪನಿಯವರ ಶೋಕಿಯಾ, ನಮಗೂ ಉಪಯೋಗ ಇದೆಯಾ?
– ಓದುಗರು, ಕುಮಟಾ

ಉತ್ತರ: ಹುಡುಗ ಹೇಳಿದ್ದು ಸರಿ. ಆದರೆ ಕನ್ನಡಕ ಹಾಕಿಕೊಂಡು ನೋಡುವವರು ನೀವೊಬ್ಬರೇ ಆದರೆ ಅರ್ಧ ದುಡ್ಡು ದಂಡ.

ದೊಡ್ಡವರ ಮಾತು ಬೇಗ ಮುಗಿಸಿಬಿಡೋಣ. ಬಿಎಂಡಬ್ಲ್ಯು ಕಂಪನಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಹೊಸ ಕಾರ್ಖಾನೆ ಕಟ್ಟುವಾಗ, ಕಾರು ಹೊರಬರುವ ಎರಡು ವರ್ಷ ಮುಂಚೆ, 2023ರಲ್ಲೇ, ಇಡೀ ಕಾರ್ಖಾನೆಯನ್ನು ಕಂಪ್ಯೂಟರ್ ಒಳಗೆ ಕಟ್ಟಿ ನಡೆಸಿ ನೋಡಿತ್ತು. ಕಂಪ್ಯೂಟರಿನಲ್ಲಿ ಮಷಿನ್ ಸರಿಸುವುದು ಬೆರಳಿನ ಕೆಲಸ, ಕಾಂಕ್ರೀಟ್ ಹಾಕಿದ ಮೇಲೆ ಸರಿಸಬೇಕಾದರೆ ನೆಲ ಒಡೆಯಬೇಕು. ಅವರಿಗೆ ರೋಬೋಟ್, ನಿಮಗೆ ಬಾಯ್ಲರ್ ಮತ್ತು ಬೋರ್ಮಾ (ತಿರುಳು ಒಣಗಿಸುವ ಒಲೆ), ಅಷ್ಟೇ.

ಕಾಗದದ ನಕ್ಷೆಯ ತೊಂದರೆ ಏನು ಗೊತ್ತಾ? ಅದು ಮೇಲಿಂದ ನೋಡಿದ ಹಾಗಿರುತ್ತದೆ. ಮಾಡಿನ ಮೇಲೆ ಕೂತು ಯಾರೂ ಬೀಜ ಒಡೆಯುವುದಿಲ್ಲ. ನನ್ನದೇ ಕಥೆ ಹೇಳುತ್ತೇನೆ. ಶಿರಸಿ ಕಡೆ ಒಂದು ಅಡಿಕೆ ಘಟಕಕ್ಕೆ ನಕ್ಷೆ ಹಾಕಿಕೊಟ್ಟಿದ್ದೆ, ಕಾಗದದಲ್ಲಿ ಭಾರೀ ಚಂದ ಇತ್ತು. ಕೆಲಸ ಶುರುವಾದ ಮೇಲೆ ನೋಡಿದರೆ ಅಡಿಕೆ ಆರಿಸುವವರೆಲ್ಲ ಮೇಜಿಗೆ ಓರೆಯಾಗಿ ಕೂತಿದ್ದಾರೆ. ಕಿಟಕಿ ಅವರ ಬೆನ್ನ ಹಿಂದಿತ್ತು, ಅವರ ನೆರಳು ಅವರ ಅಡಿಕೆ ಮೇಲೇ ಬೀಳುತ್ತಿತ್ತು! ಬಣ್ಣ ನೋಡಿ ಆರಿಸುವ ಕೆಲಸ ಅದು. ನಿಮ್ಮಲ್ಲಿ ತಿರುಳು ಗ್ರೇಡಿಂಗ್ ಮಾಡುವುದೂ ಹಾಗೇ ಅಲ್ವಾ? ಸ್ಕೆಚ್‌ಅಪ್ ತರಹದ ಸಾಫ್ಟ್‌ವೇರ್‌ನಲ್ಲಿ ಊರು, ತಿಂಗಳು, ಹೊತ್ತು ಕೊಟ್ಟರೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ತೋರಿಸುತ್ತದೆ. ಆ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಒಂದು ನಿಮಿಷ ಕೂತಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಈಗ ಯಾರು ಹಾಕಿಕೊಳ್ಳಬೇಕು ಅನ್ನುವುದು. ಹೆಡ್‌ಸೆಟ್‌ನಲ್ಲಿ ಎಲ್ಲವೂ ನಿಜವಾದ ಅಳತೆಯಲ್ಲೇ ಕಾಣುತ್ತದೆ, ಹಾಕಿಕೊಂಡವರ ಕಣ್ಣಿನ ಎತ್ತರದಿಂದ. ನೀವು ಐದೂಮುಕ್ಕಾಲು ಅಡಿ ಇದ್ದರೆ ಎಲ್ಲ ಕೈಗೆ ಸಿಗುತ್ತದೆ. ಕಟಿಂಗ್ ಮಾಡುವಾಕೆ, ಅಂದರೆ ಬೀಜ ಒಡೆಯುವಾಕೆ, ನಾಲ್ಕೂಮುಕ್ಕಾಲು ಅಡಿ ಇದ್ದರೆ? ನಿಂತು ಮಾಡುವ ಹಗುರ ಕೆಲಸಕ್ಕೆ ಮೇಜು ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು, ಕಣ್ಣಿಟ್ಟು ಮಾಡುವ ಸೂಕ್ಷ್ಮ ಕೆಲಸಕ್ಕೆ ಸ್ವಲ್ಪ ಮೇಲೆ, ಒತ್ತಿ ಮಾಡುವುದಕ್ಕೆ ಇನ್ನೂ ಕೆಳಗೆ. ಮೊಣಕೈ ಯಾರದ್ದು ಅನ್ನುವುದೇ ಪ್ರಶ್ನೆ. ಹಾಗಾಗಿ ಕಟಿಂಗ್, ಪೀಲಿಂಗ್ (ತಿರುಳಿನ ಸಿಪ್ಪೆ ಸುಲಿಯುವುದು), ಗ್ರೇಡಿಂಗ್ ಮೂರೂ ಕಡೆಯಿಂದ ಒಬ್ಬೊಬ್ಬರನ್ನು ಕರೆಯಿರಿ, ಅದರಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರೂ ಎತ್ತರ ಇರುವವರೂ ಇರಲಿ. ಒಂದು ಕಿವಿಮಾತು, ಆಗ ನೀವು ಹೊರಗೆ ಚಾ ಕುಡಿಯುತ್ತಿರಿ. ನೀವು ಎದುರಿಗಿದ್ದರೆ "ಅಡ್ಡಿಲ್ಲ ಒಡೆಯಾ" ಅನ್ನುವುದು ಬಿಟ್ಟು ಇನ್ನೊಂದು ಮಾತು ಬರುವುದಿಲ್ಲ. ಅಕ್ಕನ ಮಗನೇ ಕೇಳಲಿ, "ಬುಟ್ಟಿ ತುಂಬಿದ ಮೇಲೆ ಎಲ್ಲಿಗೆ ಒಯ್ಯುತ್ತೀರಿ? ಎದುರಿಂದ ಇನ್ನೊಬ್ಬರು ಬಂದರೆ?" ಅಂತ.

ಕನ್ನಡಕಕ್ಕೆ ಗೊತ್ತಾಗದ್ದು ಬೇಕಾದಷ್ಟಿದೆ. ಅದರೊಳಗೆ ಬುಟ್ಟಿಗೆ ಭಾರ ಇಲ್ಲ, ಬಾಯ್ಲರಿಗೆ ಶೆಕೆ ಇಲ್ಲ, ಚಿಪ್ಪಿನ ಎಣ್ಣೆ ಕೈ ಸುಡುವುದಿಲ್ಲ, ಸಮುದ್ರದ ಕಡೆಯಿಂದ ಬೀಸುವ ಮಳೆಯ ಎರಚಲು ಒಳಗೆ ಬರುವುದಿಲ್ಲ. ಇನ್ನೊಂದು, ಚಿತ್ರ ಮಾಡುವವರು ಗೋಡೌನನ್ನು ಖಾಲಿ ತೋರಿಸುತ್ತಾರೆ. ಊರ ಬೀಜ ಬರುವುದು ಬೇಸಿಗೆಯಲ್ಲಿ, ಒಡೆಯುವುದು ವರ್ಷವಿಡೀ. ಜೂನ್ ತಿಂಗಳಲ್ಲಿ ನಿಮ್ಮ ಗೋಡೌನ್ ಹೇಗಿರುತ್ತದೋ ಹಾಗೆ ಚೀಲ ತುಂಬಿಸಿ ತೋರಿಸು ಅನ್ನಿ, ಆಮೇಲೆ ದಾರಿ ಎಷ್ಟು ಉಳಿಯಿತು ನೋಡಿ.

ಖರ್ಚಿನ ಬಗ್ಗೆ: ಹೆಡ್‌ಸೆಟ್ ಕೊಳ್ಳಬೇಡಿ. ಒಂದೆರಡು ದಿನದ ಕೆಲಸ, ಎರವಲು ತನ್ನಿ ಇಲ್ಲವೇ ಬಾಡಿಗೆಗೆ. ಶೆಡ್ಡಿನ ಚಿತ್ರ ಮಾಡುವುದಕ್ಕೆ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ಕಲಿಯುವುದಕ್ಕೆ ಮಾತ್ರ ತಾಳ್ಮೆ ಬೇಕು. ಅದಕ್ಕೂ ಮುಂಚೆ ಜಾಗದಲ್ಲೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಹಳೇ ಮೇಜು ನಾಲ್ಕು ಇಟ್ಟು ನಡೆದು ನೋಡಿ. ದಾರಿ ಅಗಲ, ಬಾಗಿಲ ಜಾಗ ಎಲ್ಲ ಅಲ್ಲೇ ತಿಳಿಯುತ್ತದೆ. ಎತ್ತರ, ಬೆಳಕು, ಮೆಟ್ಟಿಲು, ತಲೆಗೆ ತಾಗುವ ಪೈಪು, ಇವಿಷ್ಟಕ್ಕೆ ವಿಆರ್ ಇಟ್ಟುಕೊಳ್ಳಿ.

ಪ್ರಶ್ನೆ: ಕೆಲಸದ ಜಾಗದ ವಿಆರ್ ನೋಡಲು ಹೆಡ್‌ಸೆಟ್ ಹಾಕಿದ ಐದೇ ನಿಮಿಷಕ್ಕೆ ನನಗೆ ತಲೆಸುತ್ತು, ವಾಕರಿಕೆ. ಯಾಕೆ?
– ಓದುಗರು, ಕಾರವಾರ

ಉತ್ತರ: ದೇವಿಮನೆ ಘಟ್ಟದಲ್ಲಿ ಬಸ್ಸಿನೊಳಗೆ ಪೇಪರ್ ಓದಿದ್ದೀರಾ? ಅಲ್ಲಿ ಮೈ ತಿರುಗುತ್ತದೆ, ಕಣ್ಣು ಅಕ್ಷರದ ಮೇಲೆ ನಿಂತಿರುತ್ತದೆ. ಇಲ್ಲಿ ಉಲ್ಟಾ: ಕಣ್ಣು "ನಡೆಯುತ್ತಿದ್ದೇನೆ" ಅನ್ನುತ್ತದೆ, ಒಳಕಿವಿ "ಇಲ್ಲ, ಕೂತಿದ್ದೀಯ" ಅನ್ನುತ್ತದೆ. ಈ ಎರಡರ ಜಗಳಕ್ಕೇ ತಲೆಸುತ್ತು, ವಾಕರಿಕೆ. ಕೈಯಲ್ಲಿರುವ ಕಂಟ್ರೋಲರಿನ ಪುಟ್ಟ ಕಡ್ಡಿ ಒತ್ತಿ ಮುಂದೆ ಹೋಗಬೇಡಿ, ಜಾಗ ಇದ್ದರೆ ನಿಜವಾಗಿ ಕಾಲಲ್ಲೇ ನಡೆಯಿರಿ. ಇಲ್ಲದಿದ್ದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವ ಆಯ್ಕೆ ಇರುತ್ತದೆ, ಅದನ್ನು ಬಳಸಿ. ಬೆವರು ಶುರುವಾದ ಕೂಡಲೇ ತೆಗೆದಿಡಿ, ತಡೆದುಕೊಂಡರೆ ಜಾಸ್ತಿಯಾಗುತ್ತದೆ. ತೆಗೆದ ತಕ್ಷಣ ಸ್ಕೂಟರ್ ಮಾತ್ರ ಹತ್ತಬೇಡಿ.